ಹಾಡುವ ಚಿತ್ರದ ಮುಖ

ಸಂಗೀತ ಕಚೇರಿಗೆ ಹೋದವರು ಮುಂದಿನ ಸಾಲಿನ ಆಸನಗಳಿಗಾಗಿ ನೂಕಾಡುವುದೇಕೆ? ಧ್ವನಿವರ್ಧಕಯಂತ್ರವು ನಾದವನ್ನು ಕಡೆಯ ಗೋಡೆಯವರೆಗೂ ಒಯ್ಯುತ್ತದೆ. ಗಾಯಕನ ಮುಖವನ್ನು ಒಯ್ಯಲಾರದು. ಆ ಮುಖವನ್ನು ಕಾಣದಿದ್ದರೆ ಹಾಡಿನ ಒಂದಂಶವು ನಮಗೆ ದಕ್ಕಲಿಲ್ಲವೆಂಬ ಅಸಮಾಧಾನವು ಉಳಿಯುತ್ತದೆ. ಹೀಗಿರುವಲ್ಲಿ, ಎಲ್ಲಿಯೂ ಇಲ್ಲದ ಒಬ್ಬ ರಾಜಕುಮಾರಿಯನ್ನು ರೇಖೆಗಳಿಂದ ಕಲ್ಪಿಸಿ, ಬೇರೊಬ್ಬರ ಹಾಡನ್ನು ಅವಳ ಬಾಯಿಂದ ಹಾಡಿಸಬೇಕಾದ ಚಿತ್ರಕಾರನ ಕಷ್ಟವನ್ನು ವಾಚಕರು ಊಹಿಸಬಹುದು. ಅನಿಮೇಷನ್ ಎಂಬ ಈ ಕಲೆಯಲ್ಲಿ ಇದಕ್ಕಿಂತ ಕಠಿಣವಾದ ಕಾರ್ಯವು ಮತ್ತೊಂದಿರುವಂತೆ ನನಗೆ ತೋರದು.

ಅದರ ಕ್ರಮವು ಹೀಗಿದೆ. ಮೊದಲು ಹಾಡನ್ನು ಮುದ್ರಿಸಿಕೊಳ್ಳುತ್ತಾರೆ. ಒಂದು ಸೆಕೆಂಡಿಗೆ 24 ಚಿತ್ರಗಳು ಓಡುವುದರಿಂದ, ಯಾವ ಅಕ್ಷರವು ಎಷ್ಟನೆಯ ಚಿತ್ರದಲ್ಲಿ ಹುಟ್ಟಿ ಎಷ್ಟನೆಯದರಲ್ಲಿ ಅಡಗುವುದೆಂದು ಪಟ್ಟಿ ಮಾಡುತ್ತಾರೆ. ಬಳಿಕ ಚಿತ್ರಕಾರನು ಮೇಜಿನ ಮೇಲೆ ಕನ್ನಡಿಯನ್ನಿಟ್ಟುಕೊಂಡು, ತನ್ನ ಬಾಯನ್ನೇ ಬಗೆಬಗೆಯಾಗಿ ತಿರುಚುತ್ತ ಬರೆಯಲಾರಂಭಿಸುತ್ತಾನೆ. (ಹಾದಿಹೋಕರು ಕಂಡರೆ ಈತನಿಗೇನೋ ಗ್ರಹಚಾರವೆಂದು ಮರುಗಿಯಾರು!) 1937ರಲ್ಲಿ ವಾಲ್ಟ್ ಡಿಸ್ನಿಯವರ ಸಂಸ್ಥೆಯು ಹೊರತಂದ ‘ಸ್ನೋ ವೈಟ್’ ಚಿತ್ರದಲ್ಲಿ ಕಂಠವು ಅಡ್ರಿಯಾನಾ ಕ್ಯಾಸೆಲೊಟಿ ಎಂಬಾಕೆಯದು, ಚಲನೆಯ ಮಾದರಿಗಾಗಿ ಕ್ಯಾಮರಾದ ಮುಂದೆ ನಟಿಸಿದವಳು ಮಾರ್ಜ್ ಬೆಲ್ಚರ್ ಎಂಬ ನರ್ತಕಿ. ಒಬ್ಬಳ ಕಂಠವನ್ನೂ ಇನ್ನೊಬ್ಬಳ ಮೈಯನ್ನೂ ಒಂದೇ ಮುಖದಲ್ಲಿ ಬೆಸೆಯುವ ಹೊಣೆಯು ಚಿತ್ರಕಾರರ ಪೆನ್ಸಿಲಿನ ಮೇಲೆ ಬಿದ್ದಿತು.

ಈ ವಿಷಯದಲ್ಲಿ ನಮ್ಮ ವೈಯಾಕರಣರು ಚಿತ್ರಕಾರನಿಗೆ ಬಹಳ ಉಪಕಾರಿಗಳು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಅವರು ವರ್ಗಗಳನ್ನು ವಿಂಗಡಿಸಿದ್ದಾರಷ್ಟೆ. ಇವುಗಳಲ್ಲಿ ಹೊರಗಿನವರ ಕಣ್ಣಿಗೆ ನಿಚ್ಚಳವಾಗಿ ಬೀಳುವುದು ಕಡೆಯದೊಂದೇ. ಕಕಾರವೂ ಗಕಾರವೂ ಬಾಯೊಳಗಿನ ಕತ್ತಲೆಯಲ್ಲಿಯೇ ನಡೆದುಹೋಗುತ್ತವೆ. ಪ, ಬ, ಮಗಳಲ್ಲಿ ಮಾತ್ರ ತುಟಿಗಳು ಕೂಡಲೇಬೇಕು. ಚಿತ್ರಕಾರನು ಉಳಿದವುಗಳಲ್ಲಿ ಉದಾರನಾಗಿರಬಹುದು, ಇಲ್ಲಿ ಆಗದು. ದಂಡಿಯ ದಶಕುಮಾರಚರಿತದಲ್ಲಿ ತುಟಿ ನೊಂದ ಮಂತ್ರಗುಪ್ತನು ಓಷ್ಠ್ಯಾಕ್ಷರವಿಲ್ಲದೆ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸುತ್ತಾನೆ. ಪರಭಾಷೆಯ ಚಿತ್ರಕ್ಕೆ ಕನ್ನಡದ ಹಾಡನ್ನು ಹೊಂದಿಸುವ ಕವಿಯದು ತದ್ವಿರುದ್ಧವಾದ ಪಾಡು: ತುಟಿ ಕೂಡಿದಲ್ಲೆಲ್ಲ ಅವನು ಮಕಾರವನ್ನೋ ಬಕಾರವನ್ನೋ ಅರಸಿಕೊಂಡು ತಿರುಗಬೇಕು.

ಮಾತಿಗಾದರೆ ಇಷ್ಟು ಸಾಕು. ಹಾಡಿನ ಧರ್ಮವೇ ಬೇರೆ. ಹಾಡಿನಲ್ಲಿ ಕಾಲವನ್ನೆಲ್ಲ ನುಂಗುವುದು ಸ್ವರಾಕ್ಷರವು. ವ್ಯಂಜನವು ತಾಳದ ಪೆಟ್ಟಿಗಿಂತ ತುಸು ಮುಂಚೆ ಸುಳಿದು ಮಾಯವಾಗುತ್ತದೆ. ಸಾಲದುದಕ್ಕೆ, ಸ್ಥಾಯಿಯು ಮೇಲೇರಿದಂತೆ ಸ್ವರಾಕ್ಷರದ ಆಕಾರವೂ ಬದಲಾಗುತ್ತದೆ. ಪಾಶ್ಚಾತ್ಯ ಗೀತನಾಟಕದ ಗಾಯಕಿಯರು ತಾರಸ್ಥಾಯಿಯಲ್ಲಿ ಈಕಾರವನ್ನು ಹಾಡುವಾಗಲೂ ದವಡೆಯನ್ನು ಆಕಾರಕ್ಕೆಂಬಂತೆ ಇಳಿಸುತ್ತಾರೆ. ಬಾಯಿಯ ಅನುರಣನವು ನಾದದೊಡನೆ ಹೊಂದಿಕೊಳ್ಳಲೆಂದು ಹೀಗೆ ಮಾಡುವರೆಂಬುದನ್ನು ಸ್ವೀಡನ್ ದೇಶದ ಯೋಹಾನ್ ಸುಂಡ್‌ಬರ್ಗ್ ಎಂಬ ವಿದ್ವಾಂಸರು 1970ರ ದಶಕದಲ್ಲಿ ವಿವರಿಸಿದರು. ಮಾತಿನ ಬಾಯಿಯನ್ನೇ ಹಾಡಿಗೂ ಅಂಟಿಸಿದ ಚಿತ್ರದಲ್ಲಿ ರಾಜಕುಮಾರಿಯು ನಗುನಗುತ್ತ, ಅಲುಗದ ಕೊರಳಿನಿಂದ ತಾರಷಡ್ಜವನ್ನು ಮುಟ್ಟಿಬಿಡುತ್ತಾಳೆ.

ಇಂಥ ವಿಷಯದಲ್ಲಿ ನನಗಿಷ್ಟು ಆಸಕ್ತಿಯು ಹುಟ್ಟಲು ಕಾರಣ ನಮ್ಮ ತಾಯಿಯವರು. ನಲವತ್ತು ವರ್ಷಗಳ ಕಾಲ ಬೆಳಗಿನ ಜಾವದಲ್ಲಿ ದೇವರನಾಮಗಳನ್ನು ಹಾಡಿದ ಅವರಿಗೆ ವೃದ್ಧಾಪ್ಯದಲ್ಲಿ ಕಿವಿಯು ಪೂರ್ಣವಾಗಿ ಹೋಯಿತು. ಈಗ ನಮ್ಮ ಮಾತನ್ನು ತುಟಿಯಿಂದ ಓದಿಕೊಳ್ಳುತ್ತಾರೆ. ಅವರಿಗೆ ಉಳಿದಿರುವ ಸಂಗೀತವೆಂದರೆ ಹಾಡುವವರ ಮುಖವೊಂದೇ. ಒಮ್ಮೆ ಮೊಮ್ಮಗಳ ಜೊತೆಗೆ ಕುಳಿತು ಇಂಥದೊಂದು ಚಿತ್ರವನ್ನು ನೋಡುತ್ತಿದ್ದವರು ನನ್ನತ್ತ ತಿರುಗಿ, “ಇವಳೆಲ್ಲಿ ಹಾಡ್ತಾಳೋ! ಬರೀ ಬಾಯಿ ಆಡಿಸ್ತಾಳೆ. ಉಸಿರೇ ತೊಗೊಳ್ಳಲಿಲ್ಲವಲ್ಲ!” ಎಂದರು. ನಾನು ಧ್ವನಿಯನ್ನು ನಿಲ್ಲಿಸಿ ನೋಡಿದೆನು. ತುಟಿಗಳೆಲ್ಲ ಲೆಕ್ಕದಂತೆ ಕೂಡಿ ಬಿಚ್ಚುತ್ತಿದ್ದವು. ಎದೆ ಮಾತ್ರ ಕಲ್ಲಿನಂತಿತ್ತು.

ಅದಕ್ಕೂ ಕಾರಣವುಂಟು. ಮುದ್ರಿಸಿದ ಹಾಡನ್ನು ಶುದ್ಧಮಾಡುವವರು ಉಸಿರಿನ ಸದ್ದನ್ನು ಕಳೆಯಂತೆ ಕಿತ್ತುಹಾಕುವುದುಂಟು. ಧ್ವನಿಯಿಂದಲೇ ತುಟಿಯ ಚಲನೆಯನ್ನು ಹೊಂದಿಸುವ ಕಂಪ್ಯೂಟರುಗಳು ಈಗ ಬಂದಿವೆ. ಧ್ವನಿಯಲ್ಲಿ ಇಲ್ಲದ ಉಸಿರನ್ನು ಅವು ತಾನೇ ಎಲ್ಲಿಂದ ತರಬೇಕು? 2013ರ ‘ಫ್ರೋಜನ್’ ಚಿತ್ರದಲ್ಲಿ ಎಲ್ಸಾ ಎಂಬ ರಾಣಿಯ ಪಾತ್ರದ ಚಲನೆಯನ್ನು ನೋಡಿಕೊಂಡ ವೇನ್ ಅಂಟೆನ್ ಎಂಬಾತನು, ಗಾಯಕಿಯಾದ ಇಡೀನಾ ಮೆನ್ಜೆಲ್ ಹಾಡುತ್ತಿದ್ದಾಗ ತೆಗೆದ ಚಿತ್ರಗಳನ್ನು ಪರಿಶೀಲಿಸಿ, ಆಕೆ ಉಸಿರೆಳೆದಂತೆಯೇ ರಾಣಿಯೂ ಉಸಿರೆಳೆಯುವಂತೆ ಮಾಡಿದನು.

ಶಾರ್ಙ್ಗದೇವನು ಹದಿಮೂರನೆಯ ಶತಮಾನದ ಸಂಗೀತರತ್ನಾಕರದಲ್ಲಿ ಗಾಯಕರ ದೋಷಗಳನ್ನು 25 ಎಂದು ಎಣಿಸಿದ್ದಾನೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಬಾಯಿ ಭಯಂಕರವಾಗಿ ತೆರೆಯುವವನು ಕರಾಲಿ. ಕಣ್ಣು ಮುಚ್ಚುವವನು ನಿಮೀಲಕ. ಕೊರಳು ಸೊಟ್ಟಮಾಡುವವನು ವಕ್ರಿ. ಸೋರೆಬುರುಡೆಯಂತೆ ಕೆನ್ನೆಯುಬ್ಬಿಸುವವನು ತುಂಬಕಿ. ಗುರುಗಳು ಶಿಷ್ಯರಿಂದ ಬಿಡಿಸಬೇಕಾದ ದೋಷಗಳಿವು. ಆದರೆ ಈ ಪಟ್ಟಿಯನ್ನು ಚಿತ್ರಕಾರನ ಮೇಜಿನ ಮೇಲೆ ಅಂಟಿಸಬೇಕೆಂಬುದು ನನ್ನ ಮತ. ಒಂದೊಂದು ದೋಷದ ಒಂದೊಂದು ಚಿಟಿಕೆಯು ಬಿದ್ದರೆ ಅವನ ರಾಜಕುಮಾರಿಗೆ ಜೀವ ಬಂದೀತು. ದೋಷವೇ ಇಲ್ಲದ ಮುಖದಿಂದ ಹಾಡು ಬರುತ್ತಿದೆಯೆಂದು ನಂಬಲು ನಾವು ಸಿದ್ಧರಿಲ್ಲ.

ಎಲ್ಸಾ ರಾಣಿಯು ಹಿಮಪರ್ವತದ ಮೇಲೆ ಒಂಟಿಯಾಗಿ ಹಾಡುವ ಭಾಗವನ್ನು ಅನಂತರ ತಾಯಿಯವರಿಗೆ ತೋರಿಸಿದೆನು. ಭಾಷೆ ಇಂಗ್ಲಿಷ್, ಅವರಿಗೆ ತುಟಿಯಿಂದ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಬಹಳ ಹೊತ್ತು ಸುಮ್ಮನೆ ನೋಡಿದರು. ಒಂದೆಡೆ ರಾಣಿಯ ಭುಜಗಳು ತುಸುವೇ ಮೇಲೆದ್ದವು. ತಾಯಿಯವರು ಮೊಮ್ಮಗಳ ಮೊಣಕಾಲನ್ನು ತಟ್ಟಿ, “ಈಗ ಎತ್ತಿ ಹಾಡ್ತಾಳೆ, ನೋಡು” ಎಂದರು. “ಅಜ್ಜಿಗೆ ಹೇಗೆ ಕೇಳಿಸಿತು?” ಎಂದು ಮಗುವು ನನ್ನನ್ನು ಕೇಳುವಷ್ಟರಲ್ಲಿ ಹಾಡು ಮೇಲಕ್ಕೇರಿತ್ತು.