ಅಚ್ಚಿಲ್ಲದ ಹರಿಗೋಲು

ಗಾಜಿನ ನಾರು, ರಾಳಗಳಿಂದ ಹಾಯಿದೋಣಿಯನ್ನು ಕಟ್ಟುವವರು ಸಾಮಾನ್ಯವಾಗಿ ಮೊದಲು ಅಚ್ಚನ್ನು ಮಾಡುವರು. ಒಂದೇ ದೋಣಿ ಸಾಕೆಂದಾದರೆ ಅಚ್ಚನ್ನು ಬಿಟ್ಟು, ಹಗುರವಾದ ಮರದ ಪಟ್ಟಿಗಳ ಮೇಲೆಯೇ ನಾರನ್ನು ಹೊದಿಸುವುದುಂಟು. ನಮ್ಮ ಹಡಗಲಿ ಸೀಮೆಯ ತುಂಗಭದ್ರೆಯಲ್ಲಿ ಈ ಉಪಾಯವು ಹೊಸದಲ್ಲ. ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು ಚರ್ಮವನ್ನು ಹೊದಿಸಿದರೆ ಹರಿಗೋಲಾಯಿತು. ಈಗ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಬಿದಿರು ಬಲವನ್ನು ಕೊಡುವುದು, ಹೊದಿಕೆಯು ನೀರನ್ನು ತಡೆಯುವುದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೋ ಪಾಯೆಸನು, 15–20 ಜನರನ್ನು ಹೊರುವ ಇಂತಹ ದುಂಡುದೋಣಿಗಳನ್ನು ವರ್ಣಿಸಿರುವನು.

ಅಚ್ಚಿದ್ದರೆ ಶಿಲ್ಪಿಯು ಹೋದರೂ ಆಕೃತಿಯು ಉಳಿದೀತು. ಹರಿಗೋಲಿನ ಅಚ್ಚಾದರೋ ಹೆಣೆಯುವವನ ಕೈಯಲ್ಲಿಯೇ ಇರುವುದು. ಬಹುಕಾಲ ಸಂಸ್ಕೃತವನ್ನು ಬೋಧಿಸಿದ ನನಗೆ ಇದು ಗುರುಮುಖದಿಂದಲೇ ಬರಬೇಕಾದ ವಿದ್ಯೆಯಂತೆ ತೋರುವುದು: ಶಿಷ್ಯನಿಲ್ಲದ ದಿನ ವಿದ್ಯೆಯೂ ಇಲ್ಲ. ವಾಚಕರೇ, ಹೊಳೆಯ ಕಡೆಗೆ ಹೋದಾಗ ಮಕ್ಕಳನ್ನು ಹೆಣೆಯುವವನ ಬಳಿ ಸ್ವಲ್ಪ ಹೊತ್ತು ಕೂರಿಸಿರಿ.