ಗಾಡಿ ತಣ್ಣಗಿದ್ದಾಗಲೇ ಹೋಗಿ ನೋಡಿ

ಹೋದ ತಿಂಗಳು ನಮ್ಮ ಅಕ್ಕನ ಮಗನಿಗೆ ಹಿರೇಕೆರೂರು ಕಡೆ ಬೀಜದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಬೀಜೋತ್ಪಾದನೆ ಮಾಡುವ ರೈತರ ಹೊಲ ಸುತ್ತಿ ವರದಿ ಕೊಡುವ ಕೆಲಸ. ಕಂಪನಿಯ ಷರತ್ತು ಒಂದೇ, ಸ್ವಂತ ಬೈಕ್ ಇರಬೇಕು. ಒಂದನೇ ತಾರೀಖಿಗೆ ಹಾಜರಾಗಬೇಕು. ಕೈಯಲ್ಲಿ ಉಳಿದದ್ದು ಹದಿನೆಂಟು ದಿನ.

ಅಕ್ಕ ಮಹಿಳಾ ಸಂಘದಿಂದ ಐವತ್ತು ಸಾವಿರ ಸಾಲ ಎತ್ತಿದಳು. ವಾರಕ್ಕೊಂದು ಕಂತು. "ತಮ್ಮಾ, ನೀ ದಿನಾ ಗಾಡಿ ಮ್ಯಾಲ ತಿರುಗಾಡಾಂವ. ಒಂದು ಚೊಲೋದು ನೋಡಿ ಕೊಡಸು. ಗಾಡಿ ನಿಂತರ ಕೆಲಸಾನೂ ಹೋಗ್ತೈತಿ, ಕಂತು ಮಾತ್ರ ನಿಲ್ಲೂದಿಲ್ಲ" ಅಂದಳು.

ನಮಗೆ ಒಳಗೇ ಅಳುಕು. ಸುದ್ದಿಗಾಗಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಸುತ್ತುತ್ತೇವೆ ನಿಜ. ಇದುವರೆಗೆ ಮೂರು ಗಾಡಿ ಇಟ್ಟಿದ್ದೇವೆ, ಮೂರೂ ಸೆಕೆಂಡ್‌ಹ್ಯಾಂಡ್. ಆದರೆ ಮೊದಲನೆಯದನ್ನು ಕೊಳ್ಳುವಾಗ ಒಂದು ತಪ್ಪು ಮಾಡಿದೆವು, ಮಾರುವಾಗ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆವು.

ಡಿಪ್ಲೊಮಾ ಮುಗಿಸಿ ಬಂದ ಹೊಸದು. ಸಂಜೆ ಹೊತ್ತಿನಲ್ಲಿ ಗಾಡಿ ನೋಡಲು ಹೋಗಿದ್ದೆವು. ಟ್ಯಾಂಕ್ ಮಿಂಚುತ್ತಿತ್ತು, ಸೀಟಿಗೆ ಹೊಸ ಕವರ್, ಮೀಟರ್ ಇಪ್ಪತ್ತೊಂದು ಸಾವಿರ. "ಈಗರ ಪ್ಯಾಟಿಗೆ ಹೋಗಿ ಬಂದೇನ್ರಿ" ಎಂದು ಮಾಲೀಕ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದ. ತಂದ ಮೂರೇ ತಿಂಗಳಲ್ಲಿ ಅದು ಪೆಟ್ರೋಲಿನ ಜೊತೆ ಆಯಿಲ್ಲೂ ಕುಡಿಯತೊಡಗಿತು. ಬೋರು, ರಿಂಗು, ಪಿಸ್ಟನ್ ಅಂತ ಒಂಬತ್ತು ಸಾವಿರ ಹೋಯಿತು. ಅವತ್ತು ಹಾನಗಲ್ಲಿನ ಮಿಸ್ತ್ರಿ ಚಾಚಾ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಬಿಸಿ ಇಂಜಿನ್ ಸುಳ್ಳ ಹೇಳ್ತೈತಿ. ತಣ್ಣಗ ಇದ್ದಾಗ ಕೇಳ್ರಿ, ಖರೇ ಹೇಳ್ತೈತಿ."

ಅದಕ್ಕೇ ಈ ಸಲ ಮೂರೂ ಕಡೆ ಮುಂಜಾನೆಯೇ ಹೋದೆವು. ಹಿಂದಿನ ದಿನವೇ ಫೋನ್ ಮಾಡಿ "ನಾವು ಬರೂ ತನಕ ಸ್ಟಾರ್ಟ್ ಮಾಡಬ್ಯಾಡ್ರಿ" ಅಂದಿದ್ದೆವು.

ಮೊದಲ ಗಾಡಿ ಸವಣೂರಿನದು. 2017ರ ಮಾಡೆಲ್, ಮೀಟರ್ ಹತ್ತೊಂಬತ್ತು ಸಾವಿರ, ಬೆಲೆ ಮೂವತ್ತೆಂಟು ಸಾವಿರ. ಹುಡುಗ ಬಣ್ಣ ನೋಡಿಯೇ ಸೋತ. ನಾವು ಇಂಜಿನ್ ಮೇಲೆ ಕೈ ಇಟ್ಟೆವು. ಬೆಚ್ಚಗಿತ್ತು.

ಆಮೇಲೆ ಒಂದೊಂದಾಗಿ ನೋಡಿದೆವು. ಕಾಲಿಡುವ ರಬ್ಬರ್ ಬೋಳಾಗಿತ್ತು. ಬ್ರೇಕ್ ಪೆಡಲ್ ಸವೆದು ನುಣ್ಣಗಾಗಿತ್ತು. ಹತ್ತೊಂಬತ್ತು ಸಾವಿರ ಕಿಲೋಮೀಟರಿಗೆ ಇವು ಇಷ್ಟು ಸವೆಯುವುದಿಲ್ಲ. ಮೀಟರ್ ತಿರುಗಿಸಬಹುದು, ಕೇಬಲ್ ಕಿತ್ತು ಓಡಿಸಬಹುದು. ಪೆಡಲ್ ಮಾತ್ರ ತನ್ನ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ. ಸೀಟು ಎತ್ತಿಸಿದೆವು. ಒಳಗೆ ಎರಿ ಮಣ್ಣು ಗಟ್ಟಿ ಕೂತಿತ್ತು. ಹಿಂದಿನ ಹಿಡಿಕೆಯ ಬಣ್ಣ ಹಗ್ಗ ಉಜ್ಜಿ ಉಜ್ಜಿ ಹೋಗಿತ್ತು. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ತಿರುಗಿಸಿದರೆ ನಡುವೆ ಒಂದು ಕಡೆ ಕಚ್ಚುತ್ತಿತ್ತು. ಅಂದರೆ ಕೋನ್‌ಸೆಟ್ ಹೋಗಿದೆ. ಟಾರ್ಚ್ ಹಿಡಿದು ಹ್ಯಾಂಡಲ್ ಕೆಳಗಿನ ಚಾಸಿಯ ಕುತ್ತಿಗೆ ನೋಡಿದರೆ ವೆಲ್ಡಿಂಗ್ ಗುರುತು, ಮೇಲೆ ಹೊಸ ಕರಿ ಬಣ್ಣ.

ಎದುರಿನ ಚಹಾದ ಅಂಗಡಿಯಲ್ಲಿ ಸುಮ್ಮನೆ ವಿಚಾರಿಸಿದೆವು. "ಎಲಿ ಪೆಂಡಿ ಹೇರಾಕ ಇಟ್ಟಿದ್ದ ಗಾಡಿರಿ ಅದು. ಹೋದ ವರ್ಷ ಟ್ರ್ಯಾಕ್ಟರಿಗೆ ಬಡದಿತ್ತು" ಅಂದರು. ಸವಣೂರಿನ ವೀಳ್ಯದೆಲೆ ಊರೂರಿಗೆ ಹೋಗುತ್ತದೆ, ಅದನ್ನು ಹೊತ್ತ ಗಾಡಿಯದೇನೂ ತಪ್ಪಿಲ್ಲ. ಹೊತ್ತದ್ದನ್ನು, ಬಡಿದದ್ದನ್ನು ಬಣ್ಣ ಹಚ್ಚಿ ಮುಚ್ಚಿದ್ದು ತಪ್ಪು. ಚಾಸಿ ವೆಲ್ಡ್ ಆದ ಗಾಡಿಯನ್ನು ಅರ್ಧ ಬೆಲೆಗೂ ತರಬೇಡಿ.

ಎರಡನೆಯದು ಹಿರೇಕೆರೂರಿನಲ್ಲಿ. 2019ರ ಗಾಡಿ, ನಲವತ್ನಾಲ್ಕು ಸಾವಿರ. ಇಂಜಿನ್ ತಣ್ಣಗಿತ್ತು, ಎರಡನೇ ಕಿಕ್ಕಿಗೆ ಎದ್ದಿತು. ಸೈಲೆನ್ಸರ್ ಹಿಂದೆ ನಿಂತು ಹೊಗೆ ನೋಡಿದೆವು. ನೀಲಿ ಹೊಗೆ ಬಿಡದೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಅದು ಸಣ್ಣ ಕೆಲಸ. ಚಳಿಯ ಮುಂಜಾನೆ ಒಂದು ನಿಮಿಷ ಬಿಳಿ ಹಬೆ ಬಂದರೆ ಹೆದರಬೇಕಿಲ್ಲ. ಇದರಲ್ಲಿ ಯಾವುದೂ ಇರಲಿಲ್ಲ. ಆಯಿಲ್ ಕಡ್ಡಿ ತೆಗೆದು ನೋಡಿದೆವು. ಆಯಿಲ್ ಕಪ್ಪಾಗಿದ್ದರೂ ಅಳತೆಗೆ ಸರಿ ಇತ್ತು. ಅದು ಹಾಲು ಬೆರೆಸಿದ ಚಹಾದ ಹಾಗೆ ಕಂಡರೆ ಇಂಜಿನ್ನಿಗೆ ನೀರು ಹೊಕ್ಕಿದೆ, ಅಂಥ ಗಾಡಿ ಅಲ್ಲಿಯೇ ಬಿಡಿ.

ಹುಡುಗ ದುಡ್ಡಿಗೆ ಕೈ ಹಾಕಿದ. ನಾವು ಆರ್‌ಸಿ ಕೇಳಿದೆವು. ಅದರಲ್ಲಿ ಬೇರೆ ಹೆಸರು.

"ನಮ್ಮ ಅಪ್ಪನ ಹೆಸರಿನಾಗ ಐತ್ರಿ. ತೀರಿಕೊಂಡು ಒಂದೂವರಿ ವರ್ಷ ಆತು. ಸಹಿ ನಾನ ಹಾಕಿ ಕೊಡ್ತೀನಿ ತಗೋರಿ, ಯಾರ್ ನೋಡ್ತಾರ?"

ಮೋಸಗಾರ ಹುಡುಗನಲ್ಲ ಅವನು, ತಿಳಿಯದೆ ಆಡಿದ ಮಾತು. ಆದರೆ ಸತ್ತವರ ಸಹಿ ಹಾಕಿದ ಕಾಗದದ ಮೇಲೆ ಗಾಡಿ ತರುವುದು ಹೇಗೆ? ಮಾಲೀಕ ತೀರಿಕೊಂಡರೆ ವಾರಸುದಾರರು ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರುವುದು ಆಮೇಲೆ. ಇನ್ಶೂರೆನ್ಸೂ ಮುಗಿದಿತ್ತು. 2018ರ ಸೆಪ್ಟೆಂಬರಿನಿಂದ ಹೊಸ ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. 2019ರ ಗಾಡಿಗೆ ಅದು 2024ಕ್ಕೇ ಮುಗಿದಿರುತ್ತದೆ, ಮನೆಯವರಿಗೆ ನೆನಪಿರುವುದಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದರೆ ನಿಮಗೇ ತಿಳಿಯುತ್ತದೆ.

ದಾರಿಯುದ್ದಕ್ಕೂ ಹುಡುಗನ ಮುಖ ಗಂಟು. "ಗಾಡಿ ಚೊಲೋ ಇತ್ತಲ್ರಿ ಮಾವಾ. ಕಾಗದ ಹಿಡಕೊಂಡು ಹೊಲಕ್ಕ ಹೋಗ್ತೀನೇನ್ರಿ ನಾ?" ಆಗ ನಮ್ಮ ಎರಡನೇ ತಪ್ಪನ್ನು ಅವನಿಗೆ ಹೇಳಬೇಕಾಯಿತು.

ಆ ಮೊದಲ ಗಾಡಿಯನ್ನು ಕೆಲವು ವರ್ಷ ಓಡಿಸಿ ಪರಿಚಯದವನೊಬ್ಬನಿಗೆ ಮಾರಿದೆವು. ದುಡ್ಡು ಎಣಿಸಿಕೊಂಡು, ಆರ್‌ಸಿ ಕೈಗೆ ಕೊಟ್ಟು, ಖಾಲಿ ಫಾರ್ಮಿಗೆ ಸಹಿ ಹಾಕಿ, ಚಹಾ ಕುಡಿದು ಎದ್ದು ಬಂದೆವು. ಹೆಸರು ಬದಲಿಸುವುದನ್ನು ಅವನು ಮಾಡಲಿಲ್ಲ, ನಾವು ಕೇಳಲಿಲ್ಲ. ಎರಡು ವರ್ಷದ ಮೇಲೆ ಅದು ಇನ್ನೊಬ್ಬನ ಕೈಯಲ್ಲಿದ್ದಾಗ ರಸ್ತೆ ದಾಟುತ್ತಿದ್ದ ಅಜ್ಜನೊಬ್ಬನಿಗೆ ಬಡಿಯಿತು. ಅಜ್ಜನ ಕಾಲು ಮುರಿಯಿತು. ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ. ನೋಟಿಸ್ ಬಂದದ್ದು ನಮ್ಮ ಬಾಗಿಲಿಗೆ. ಅಪಘಾತದ ಸುದ್ದಿ ಬರೆಯುವ ನಾವು ಎರಡು ವರ್ಷ ಕೋರ್ಟಿನ ತಾರೀಖಿಗೆ ಅಲೆದೆವು. ಕೊನೆಗೆ ಮೂವರೂ ಸೇರಿ ರಾಜಿಯಲ್ಲಿ ಹಣ ಕಟ್ಟಿದೆವು. ನಮ್ಮ ಪಾಲಿಗೆ ಬಂದದ್ದು ಗಾಡಿ ಮಾರಿದ ಬೆಲೆಗಿಂತ ಹೆಚ್ಚು. ಅಜ್ಜನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೆ ಆ ದುಡ್ಡು ಸೇರಲೇಬೇಕಿತ್ತು.

ಇದು ನಮ್ಮೊಬ್ಬರ ಹಣೆಬರಹವಲ್ಲ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಇದನ್ನೇ ಹೇಳಿದೆ. ಗಾಡಿ ಎಷ್ಟು ಕೈ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರಿದವರಿಗೆ ಫಾರ್ಮ್ 29, ಇಬ್ಬರ ಸಹಿಯೂ ಬೀಳುವುದು ಫಾರ್ಮ್ 30ರಲ್ಲಿ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಮುಂದಿನ ಮಾತು.

ಹುಡುಗ ಸುಮ್ಮನಾದ. ಅಷ್ಟರಲ್ಲಿ ಉಳಿದದ್ದು ಹತ್ತು ದಿನ.

ಮೂರನೆಯದು ಶಿಗ್ಗಾಂವಿಯದು. 2018ರ ಗಾಡಿ, ಮೂವತ್ತಾರು ಸಾವಿರ. ಮೀಟರ್ ನೋಡಿ ಹುಡುಗ ಹಿಂದೆ ಸರಿದ. ಅರವತ್ನಾಲ್ಕು ಸಾವಿರ! ಮಾಲೀಕರು ಹೆದ್ದಾರಿ ಹಿಡಿದು ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದವರು. ಪ್ಲಾಸ್ಟಿಕ್ ಚೀಲವೊಂದರಲ್ಲಿ ಆಯಿಲ್ ಬದಲಿಸಿದ ಬಿಲ್ಲುಗಳನ್ನು ಜೋಡಿಸಿ ಇಟ್ಟಿದ್ದರು. ಬಿಲ್ಲಿನ ಕಿಲೋಮೀಟರಿಗೂ ಮೀಟರಿಗೂ ತಾಳೆಯಾಗುತ್ತಿತ್ತು.

ಕಿಲೋಮೀಟರಿನಲ್ಲೂ ಜಾತಿಗಳಿವೆ. ಹಾನಗಲ್ಲ ತಾಲ್ಲೂಕಿನ ಭತ್ತದ ಗದ್ದೆ ದಾರಿಯಲ್ಲಿ, ಕೆಸರು ನೀರಿನಲ್ಲಿ ಓಡಿದ ಗಾಡಿಗೆ ಗಾಲಿಯ ಬೇರಿಂಗ್, ಬ್ರೇಕ್ ಶೂ, ಚೈನು ಬೇಗ ಹೋಗುತ್ತವೆ. ಮೂಟೆ ಹೊತ್ತ ಗಾಡಿಗೆ ಶಾಕಪ್, ಕ್ಲಚ್ ಪ್ಲೇಟ್ ಹೋಗುತ್ತವೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ, ಒಬ್ಬನೇ ಕೂತು ಓಡಿಸಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಅರವತ್ತು ಸಾವಿರ, ಮೂಟೆ ಹೊತ್ತ ಮೂವತ್ತು ಸಾವಿರಕ್ಕಿಂತ ಮೇಲು. ಆದ್ದರಿಂದ "ಎಷ್ಟು ಓಡೇತಿ" ಅಂತ ಕೇಳುವ ಮೊದಲು "ಏನ್ ಕೆಲಸ ಮಾಡೇತಿ" ಅಂತ ಕೇಳಿ.

ಇಂಜಿನ್ ತಣ್ಣಗಿತ್ತು. ಕೆಟ್ಟಿದ್ದನ್ನು ಮಾಲೀಕರೇ ಬೆರಳಿಟ್ಟು ತೋರಿಸಿದರು: ಹಿಂದಿನ ಟೈರು, ಚೈನ್ ಸ್ಪ್ರಾಕೆಟ್, ಬ್ಯಾಟರಿ. "ಇಷ್ಟ ಕೆಲಸ ಐತ್ರಿ, ಅದನ್ನ ಹಿಡದ ರೇಟ್ ಹೇಳೇನಿ." ಸ್ಪ್ರಾಕೆಟಿನ ಹಲ್ಲು ಗರಗಸದ ಹಾಗೆ ಒಂದೇ ಕಡೆ ಬಾಗಿದ್ದವು. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ. 2318 ಅಂತಿದ್ದರೆ 2018ನೇ ಇಸವಿಯ ಇಪ್ಪತ್ಮೂರನೇ ವಾರದಲ್ಲಿ ಮಾಡಿದ್ದು ಎಂದರ್ಥ. ಅದು ಗಾಡಿಯ ಜೊತೆ ಬಂದ ಟೈರೇ ಆಗಿತ್ತು.

ಓಡಿಸಿ ನೋಡಿದೆವು. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಕೊಟ್ಟಾಗ ಬರೀ ಸದ್ದು ಏರಿ ಗಾಡಿ ಓಡದಿದ್ದರೆ ಕ್ಲಚ್ ಜಾರುತ್ತಿದೆ. ಇದು ಜಾರಲಿಲ್ಲ. ವಾಪಸ್ ಬಂದು ನಿಲ್ಲಿಸಿ, ಹತ್ತು ನಿಮಿಷ ಮಾತಾಡಿ, ಇಂಜಿನ್ ಕೆಳಗೆ ನೋಡಿದೆವು. ನೆಲದ ಮೇಲೆ ಆಯಿಲ್ ಹನಿ ಇರಲಿಲ್ಲ. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಪಕ್ಕ ಹಿಡಿದು ಒಂದೊಂದೇ ಅಂಕಿ ಓದಿದೆವು. ಹೆಸರು ಅವರದೇ, ಸಾಲವಿಲ್ಲ, ಇನ್ಶೂರೆನ್ಸಿಗೆ ಇನ್ನೂ ಏಳು ತಿಂಗಳು.

ಮೂವತ್ನಾಲ್ಕಕ್ಕೆ ಮಾತು ಮುಗಿಯಿತು. ಐದು ಸಾವಿರ ಹಿಡಿದಿಟ್ಟು ಉಳಿದದ್ದು ಕೊಟ್ಟೆವು. ಇಬ್ಬರೂ ಹಾವೇರಿ ಆರ್‌ಟಿಒಗೆ ಹೋಗಿ ಅರ್ಜಿ ಕೊಟ್ಟ ರಸೀದಿ ಕೈಗೆ ಬಂದ ಮೇಲೆ ಆ ಐದು ಸಾವಿರವನ್ನೂ ಕೊಟ್ಟೆವು. ಅವರು ಬೇಜಾರಾಗಲಿಲ್ಲ. "ಹಿಂಗ ಮಾಡಿದ್ರ ನನಗೂ ನಿಶ್ಚಿಂತಿ" ಅಂದರು. ಟೈರು, ಚೈನ್ ಸೆಟ್, ಬ್ಯಾಟರಿಗೆ ಆರು ಸಾವಿರ ಚಿಲ್ಲರೆ ಹಿಡಿಯಿತು. ಸೆಕೆಂಡ್‌ಹ್ಯಾಂಡ್ ಗಾಡಿಗೆ ಹೊರಟವರು ಇಷ್ಟು ದುಡ್ಡು ಬೇರೆ ತೆಗೆದಿಡಲೇಬೇಕು. ಎಲ್ಲ ಕಳೆದು ಅಕ್ಕನ ಕೈಯಲ್ಲಿ ಒಂಬತ್ತು ಸಾವಿರದಷ್ಟು ಉಳಿಯಿತು. ಮೊದಲ ಸಂಬಳ ಬರುವವರೆಗಿನ ಕಂತುಗಳಿಗೆ ಅದೇ ಆಸರೆ.

ಹಿರೇಕೆರೂರಿನ ಹುಡುಗನಿಗೆ ಫೋನ್ ಮಾಡಿ ಫಾರ್ಮ್ 31ರ ವಿಷಯ ಮತ್ತೊಮ್ಮೆ ಹೇಳಿದ್ದೇವೆ. ತಾಯಿಯ, ತಂಗಿಯ ಒಪ್ಪಿಗೆ ಪತ್ರ ಬರೆಸುತ್ತಿದ್ದಾನಂತೆ.

ಅಕ್ಕನ ಮಗ ಈಗ ದಿನಾ ಹೊಲ ಸುತ್ತುತ್ತಾನೆ. ಮೊನ್ನೆ ಅವನದೇ ಫೋನು. ಗೆಳೆಯನೊಬ್ಬ ಗಾಡಿ ಕೊಳ್ಳುವವನಿದ್ದಾನೆ, ನೋಡಲು ಇವನನ್ನೂ ಕರೆದಿದ್ದಾನೆ. "ಸಂಜಿಗೆ ಬರ್ರಿ ಅಂದಾರ್ರಿ ಮಾವಾ ಮಾರಾವ್ರು. ನಾನ ಬ್ಯಾಡ ಅಂದೆ. ಮುಂಜಾನೆ ಆರಕ್ಕ ಹೊಂಟೀವಿ."