ಶಿವಣ್ಣ ಇನ್ನೂ ಫೈಟ್ ಮಾಡಬೇಕಾ?

ವಾಚ್‌ಮನ್ ಫೋನ್ ಮಾಡಿದಾಗ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಎತ್ತಿದರೆ, ನಿಮ್ಮ ತಂದೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾರೆ, ಮಾತಾಡುತ್ತಿಲ್ಲ ಎಂದ. ಲ್ಯಾಪ್‌ಟಾಪ್ ಹಾಗೇ ಬಿಟ್ಟು ಓಡಿದೆ.

ಘಾಟ್ಕೋಪರ್ ಪೂರ್ವದಲ್ಲಿರುವ ನಮ್ಮ ಹಳೆಯ ಕಟ್ಟಡದಲ್ಲಿ ಅವತ್ತು ಲಿಫ್ಟ್ ಕೆಟ್ಟಿತ್ತು. ನೀರಿನ ಹುಡುಗ ಇಪ್ಪತ್ತು ಲೀಟರಿನ ಕ್ಯಾನನ್ನು ಗೇಟಿನಲ್ಲೇ ಇಟ್ಟು ಹೋಗಿದ್ದ. ಅಪ್ಪ ಅದನ್ನು ಹೆಗಲಿಗೇರಿಸಿಕೊಂಡು ನಾಲ್ಕನೇ ಮಹಡಿಗೆ ಹೊರಟಿದ್ದರು. ಎರಡನೆಯದರಲ್ಲಿ ಉಸಿರು ಕೈಕೊಟ್ಟಿತ್ತು. ಬೈಪಾಸ್ ಆಗಿ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ವಯಸ್ಸು ಎಪ್ಪತ್ತೊಂದು. ಮೂವತ್ತೊಂದು ವರ್ಷ ಕೆಎಸ್ಸಾರ್ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಪವರ್ ಸ್ಟೀರಿಂಗ್ ಇಲ್ಲದ ಬಸ್ಸುಗಳನ್ನು ತಿಪಟೂರಿನಿಂದ ಊರೂರಿಗೆ ತಿರುಗಿಸಿದ ಕೈ ಅದು. ಆ ಕೈ ಈಗ ಮೆಟ್ಟಿಲ ಕಂಬಿ ಹಿಡಿದು ನಡುಗುತ್ತಿತ್ತು.

ಡಾಕ್ಟರ್ ನೋಡಿ, ಏನೂ ಆಗಿಲ್ಲ, ಆದರೆ ಆಗಬಹುದಿತ್ತು ಎಂದರು. ಸಂಜೆ ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. ಹೆಂಡತಿ ಸುಮ್ಮನಿರಿ ಎಂದರೂ ಬಿಡಲಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದರು: "ಶಿವಣ್ಣಂಗೆ ಅಷ್ಟು ದೊಡ್ಡ ಆಪರೇಷನ್ ಆಗೈತೆ. ಅವನೇ ವಾಪಸ್ ಬಂದು ಫೈಟ್ ಮಾಡ್ತೀನಿ ಅಂತಿದಾನೆ. ನಾನು ಒಂದು ನೀರಿನ ಕ್ಯಾನ್ ಎತ್ತಬಾರದೇನೋ?"

ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಆಗಿನ್ನೂ 2025ರ ಜನವರಿ. ಶಿವರಾಜ್‌ಕುಮಾರ್ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ಎಂದು ಎಲ್ಲರಿಗೂ ತಿಳಿದಿತ್ತು. ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ನಡೆದು, ಮೂತ್ರಕೋಶ ತೆಗೆದು ಕರುಳಿನ ಭಾಗದಿಂದ ಹೊಸದನ್ನು ಮಾಡಿ ಜೋಡಿಸಿದ್ದರು. ಹೊಸ ವರ್ಷದ ದಿನ ಅವರೂ ಗೀತಾ ಅವರೂ ವೀಡಿಯೊದಲ್ಲಿ ಕಾಣಿಸಿಕೊಂಡು ಗುಣವಾಗಿರುವುದಾಗಿ ಹೇಳಿದರು. ಅಪ್ಪ ಆ ವೀಡಿಯೊವನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಕೀಮೋಥೆರಪಿ ನಡೆಯುತ್ತಿದ್ದಾಗಲೇ '45' ಚಿತ್ರದ ಶೂಟಿಂಗ್ ಮಾಡಿದ್ದರಂತೆ ಎಂಬುದು ಅವರಿಗೆ ಮಹಾಭಾರತಕ್ಕಿಂತ ದೊಡ್ಡ ಕಥೆ. ಅದೇ ವಾರ ನಾವಿಬ್ಬರೂ ಟಿ.ವಿ.ಯಲ್ಲಿ 'ಭೈರತಿ ರಣಗಲ್' ನೋಡಿದ್ದೆವು. ಕಪ್ಪು ಪಂಚೆಯ ಶಿವಣ್ಣ ಹತ್ತಾರು ಜನರನ್ನು ಒಬ್ಬರೇ ಮಲಗಿಸುವಾಗ ಅಪ್ಪ ತಮ್ಮ ಎದೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು.

ಅರವತ್ತೆರಡರ ನಾಯಕನೊಬ್ಬ ಇಂಥ ಆಪರೇಷನ್ ಆದ ಮೇಲೂ ಯಾರಿಂದಲೂ ಸೋಲದ ಒಂಟಿ ಸಲಗದ ಪಾತ್ರಗಳಿಗೇ ಮರಳಬೇಕೆ? ಇದು ಸಿನಿಮಾ ಪುಟದ ಚರ್ಚೆ ಎಂದುಕೊಂಡಿದ್ದೆ. ನಮ್ಮ ಮೆಟ್ಟಿಲ ಮೇಲೇ ಬಂದು ಕೂರುತ್ತದೆಂದು ಗೊತ್ತಿರಲಿಲ್ಲ.

ನಾನು ಈ ವಿಷಯದಲ್ಲಿ ಹೊರಗಿನವನಲ್ಲ. 1995ರಲ್ಲಿ 'ಓಂ' ಬಂದಾಗ ನನಗೆ ಹದಿನಾಲ್ಕು. ಡ್ಯೂಟಿ ಮುಗಿಸಿ ಬಂದ ಅಪ್ಪ ಖಾಕಿಯಲ್ಲೇ ನನ್ನನ್ನು ಸೆಕೆಂಡ್ ಷೋಗೆ ಕರೆದುಕೊಂಡು ಹೋಗಿದ್ದರು. ಉಪೇಂದ್ರ ತೋರಿಸಿದ ಆ ಬೆಂಗಳೂರು, ಆ ಲಾಂಗು, ಶಿವಣ್ಣನ ಆ ಕಣ್ಣು ನೋಡಿ ಥಿಯೇಟರಿನಿಂದ ಹೊರಬಂದಾಗ ನನ್ನ ನಡಿಗೆಯೇ ಬದಲಾಗಿತ್ತು. ಹತ್ತು ವರ್ಷ ಕಳೆದು 2005ರಲ್ಲಿ 'ಜೋಗಿ' ಬಂದಾಗ ಎಂ.ಟೆಕ್ ಮುಗಿಸಿ ಮುಂಬೈಗೆ ಹೊರಟಿದ್ದೆ. ಊರು ಬಿಟ್ಟು ನಗರ ಸೇರಿದ ಮಗ, ಅವನನ್ನು ಹುಡುಕಿಕೊಂಡು ಬರುವ ತಾಯಿ. ಅದನ್ನು ನೋಡಿ ಅತ್ತಿದ್ದನ್ನು ಹಾಸ್ಟೆಲ್ ಗೆಳೆಯರಿಂದ ಮುಚ್ಚಿಟ್ಟೆ.

ಅದನ್ನು ಈಗ ನೆನೆಸಿಕೊಂಡರೆ ಒಂದು ವಿಷಯ ಹೊಳೆಯುತ್ತದೆ. 'ಓಂ' ಆಗಲಿ 'ಜೋಗಿ' ಆಗಲಿ ನಮ್ಮಲ್ಲಿ ನಿಂತದ್ದು ಆ ನಾಯಕ ಗೆದ್ದನೆಂದಲ್ಲ. ಲಾಂಗು ಹಿಡಿದದ್ದಕ್ಕೆ ಅವನು ಏನೇನು ಕಳೆದುಕೊಂಡನೆಂದು. 'ಜೋಗಿ'ಯ ಕೊನೆಯಲ್ಲಿ ತಾಯಿ ಸತ್ತಿದ್ದೂ ತಿಳಿಯದೆ ಅವಳ ಹೆಣದ ಮುಂದೆ ಕುಣಿಯುವ ಮಗನಿಗಿಂತ ಸೋತವನು ಯಾರಿದ್ದಾರೆ? ಸೋಲದ ನಾಯಕ ಎಂಬ ಮೂರ್ತಿಯನ್ನು ನಾವು ಆಮೇಲೆ ಕಟ್ಟಿಕೊಂಡೆವು. 2018ರ 'ಟಗರು' ನೋಡಿ: ಎಲ್ಲರನ್ನೂ ಬಗ್ಗುಬಡಿಯುವ ಪೊಲೀಸ್ ಅಧಿಕಾರಿ ಶಿವಣ್ಣ. ಆದರೆ ಜನ ಮನೆಗೆ ಹೊತ್ತುಕೊಂಡು ಹೋದದ್ದು ಡಾಲಿಯನ್ನು, ಚಿಟ್ಟೆಯನ್ನು. ಏನೂ ಆಗದವನ ಮೇಲೆ ನಮಗೆ ಅಭಿಮಾನ ಇರುತ್ತದೆ, ಆತಂಕ ಇರುವುದಿಲ್ಲ. ಆತಂಕವಿಲ್ಲದ ಮೇಲೆ ಕಥೆ ಎಲ್ಲಿ?

ನಮ್ಮವರಿಗೆ ಇದು ಹೊಸ ಪ್ರಶ್ನೆಯೂ ಅಲ್ಲ. ಅಣ್ಣಾವ್ರು 1989ರ 'ಪರಶುರಾಮ್' ಆದ ಮೇಲೆ ಕೆಲಕಾಲ ತೆರೆಯಿಂದ ದೂರವಿದ್ದು, 1992ರಲ್ಲಿ 'ಜೀವನ ಚೈತ್ರ'ದೊಂದಿಗೆ ಬಂದರು. ಅರವತ್ತು ದಾಟಿದ್ದ ಅವರು ಅಲ್ಲಿ ಮರ್ಯಾದಸ್ಥ ಊರ ಹಿರಿಯ. ಹೆಂಡದ ವಿರುದ್ಧ ನಿಲ್ಲುತ್ತಾರೆ, ಮನೆಯೊಳಗೆ ಸೋಲುತ್ತಾರೆ. ಅದೇ ಅಣ್ಣಾವ್ರು 2000ದಲ್ಲಿ 'ಶಬ್ದವೇಧಿ'ಯಲ್ಲಿ ಪೊಲೀಸ್ ಅಧಿಕಾರಿಯಾಗಿ ಡ್ರಗ್ಸ್ ಜಾಲದ ವಿರುದ್ಧ ಹೊರಟಾಗ ವಯಸ್ಸು ಎಪ್ಪತ್ತು ದಾಟಿತ್ತು. ನಾವೆಲ್ಲ ಶಿಳ್ಳೆ ಹೊಡೆದೆವು. ಆದರೆ ಇವತ್ತು ಮತ್ತೆ ನೋಡಬೇಕೆನಿಸುವುದು ಯಾವುದು ಎಂದರೆ ನನ್ನ ಉತ್ತರ 'ಜೀವನ ಚೈತ್ರ'ವೇ.

ಅಂಬರೀಶ್ ಅವರ ದಾರಿ ಇನ್ನೂ ನೇರ. 'ಅಂತ', 'ಚಕ್ರವ್ಯೂಹ'ದ ರೆಬೆಲ್ ಸ್ಟಾರ್ 2018ರಲ್ಲಿ 'ಅಂಬಿ ನಿಂಗ್ ವಯಸ್ಸಾಯ್ತೋ' ಎಂಬ ಹೆಸರಿನ ಚಿತ್ರವನ್ನೇ ಒಪ್ಪಿಕೊಂಡರು. ನಿವೃತ್ತ ಸ್ಟಂಟ್ ಕಲಾವಿದನ ಪಾತ್ರ. ಯೌವನದ ಭಾಗಕ್ಕೆ ಸುದೀಪ್. ತಮಿಳಿನ ರೀಮೇಕ್ ಎನ್ನುವುದೆಲ್ಲ ಇರಲಿ, ಮಗನ ಮನೆಯಲ್ಲಿ ಹಂಗಿಲ್ಲದೆ ಇರಲಾಗದೆ ಒದ್ದಾಡುವ ಆ ಮುದುಕನಲ್ಲಿ ಅಂಬಿ ಗತ್ತು ಬಿಟ್ಟಿರಲಿಲ್ಲ, ವಯಸ್ಸನ್ನೂ ಮುಚ್ಚಿಟ್ಟಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಚಿತ್ರ ಬಂತು, ನವೆಂಬರ್ 24ಕ್ಕೆ ಅವರು ಹೋದರು.

ಮುಂಬೈನಲ್ಲಿದ್ದುಕೊಂಡು ರಜನಿಕಾಂತ್ ಹೆಸರೆತ್ತದಿದ್ದರೆ ಹೇಗೆ? ಅಪ್ಪನಿಗಂತೂ ಅವರು ಬೆಂಗಳೂರಿನ ಬಸ್ ಕಂಡಕ್ಟರ್, "ನಮ್ಮ ಡಿಪಾರ್ಟ್‌ಮೆಂಟಿನವನು". 2020ರ 'ದರ್ಬಾರ್'ನಲ್ಲಿ ಅವರು ನಮ್ಮ ಮುಂಬೈಯ ಪೊಲೀಸ್ ಕಮಿಷನರ್. ಎಪ್ಪತ್ತರ ಹೊಸ್ತಿಲಲ್ಲಿ ನಿಂತು ಇಡೀ ನಗರವನ್ನು ಒಬ್ಬರೇ ಸ್ವಚ್ಛ ಮಾಡುತ್ತಾರೆ. ಮೂರು ವರ್ಷದ ಮೇಲೆ 'ಜೈಲರ್' ಬಂತು. ಅಲ್ಲಿ ಅವರು ತಾತ. ನಿರ್ದೇಶಕ ನೆಲ್ಸನ್ ಅವರನ್ನು ಓಡಿಸುವುದಿಲ್ಲ, ಕೂರಿಸುತ್ತಾರೆ. ಊಟದ ಮೇಜಿನ ಬಳಿ ಅವರು ಅಲುಗಾಡದೆ ಕೂತಿದ್ದರೆ ಗುಂಡು ಹಾರಿಸುವವರು ಬೇರೆಯವರು. ಆಪತ್ತಿಗೆ ಹಳೆಯ ಸ್ನೇಹಿತರನ್ನು ಕರೆಯುತ್ತಾರೆ: ಮೋಹನ್‌ಲಾಲ್, ಜಾಕಿ ಶ್ರಾಫ್, ನಮ್ಮ ಶಿವಣ್ಣ. ಘಾಟ್ಕೋಪರ್‌ನ ಮಲ್ಟಿಪ್ಲೆಕ್ಸಿನಲ್ಲಿ, ಅಕ್ಕಪಕ್ಕ ಎಲ್ಲ ತಮಿಳರು ಕೂತಿರುವಾಗ, ನರಸಿಂಹನಾಗಿ ಶಿವಣ್ಣ ನಿಧಾನಕ್ಕೆ ನಡೆದು ಬಂದ ಕ್ಷಣಕ್ಕೆ ಎದ್ದ ಶಿಳ್ಳೆ ಕೇಳಿ ನನ್ನ ಮೈಮೇಲೆ ಮುಳ್ಳೆದ್ದವು. ಇಪ್ಪತ್ತು ವರ್ಷ ಈ ಊರಲ್ಲಿ ಕನ್ನಡ ಸಿನಿಮಾ ಎಂದರೆ ಯಾವುದದು ಎಂದು ಕೇಳಿಸಿಕೊಂಡವನಿಗೆ ಅದು ಸಣ್ಣ ಸಂಗತಿಯಲ್ಲ. ಇರುವುದು ಕೆಲವೇ ನಿಮಿಷ. ಆದರೆ ಆ ನಡಿಗೆಯ ಹಿಂದೆ ಮೂವತ್ತೇಳು ವರ್ಷದ ಸಿನಿಮಾ ಇತ್ತು. 'ಮಫ್ತಿ'ಯಲ್ಲೂ ಹಾಗೇ ಅಲ್ಲವೆ? ಚಿತ್ರದ ನಾಯಕ ಶ್ರೀಮುರಳಿ. ಶಿವಣ್ಣ ಬರುವುದೇ ಅರ್ಧ ಕಳೆದ ಮೇಲೆ, ಮಾತೂ ಕಡಿಮೆ. ಅದೇ ರಣಗಲ್‌ನನ್ನು ಮುಂದಕ್ಕೆ ತಂದು ಪೂರ್ತಿ ಚಿತ್ರ ಹೊರಿಸಿದಾಗ ಹೊಡೆದಾಟ ಹೆಚ್ಚಾಯಿತು, ನಿಗೂಢ ಕಡಿಮೆಯಾಯಿತು.

ಇದನ್ನೆಲ್ಲ ಅಪ್ಪನ ಮುಂದೆ ಹೇಳಿದೆ. ನಮ್ಮ ಆಫೀಸಿನ ಪ್ರೆಸೆಂಟೇಷನ್‌ಗಿಂತ ಚೆನ್ನಾಗಿಯೇ ಹೇಳಿದೆ ಅನ್ನಿ. ಅಪ್ಪ ಕೇಳಿ, "ಅಂದ್ರೆ ಮೂಲೇಲಿ ಕುರ್ಚಿ ಹಾಕಿ ಕೂರುಸ್ತೀಯಾ?" ಎಂದರು.

ಅಲ್ಲಿಗೆ ನನ್ನ ವಾದ ನಿಂತಿತು. ಸೋಲದ ನಾಯಕನ ಪಾತ್ರ ಬೇಡ ಎಂದರೆ ನಾವು ಸಾಮಾನ್ಯವಾಗಿ ಕೊಡುವುದು ಏನು? ನಾಯಕನಿಗೆ ಬುದ್ಧಿ ಹೇಳುವ ತಂದೆ, ಇಂಟರ್ವೆಲ್ ಹೊತ್ತಿಗೆ ಸಾಯುವ ಅಣ್ಣ. ಮನೆಯಲ್ಲೂ ಅಷ್ಟೇ. ಅಪ್ಪ ಬೈಪಾಸ್ ಆಗಿ ಇಲ್ಲಿಗೆ ಬಂದ ದಿನದಿಂದ ನಾನು ಅವರಿಗೆ ಒಂದು ಕುರ್ಚಿ, ಒಂದು ರಿಮೋಟು, ಮಾತ್ರೆಯ ಡಬ್ಬಿ ಕೊಟ್ಟಿದ್ದೆ. ಹಾಲು ತರಬೇಡಿ, ಮೆಟ್ರೊ ಸ್ಟೇಷನ್ ಕಡೆ ಹೋಗಬೇಡಿ, ಆ ಜನಜಂಗುಳಿಯಲ್ಲಿ ಬಿದ್ದೀರಿ. ಒಂದು ಸಂಜೆ ಖಾವು ಗಲ್ಲಿಗೆ ಒಬ್ಬರೇ ಹೋಗಿ ಚೀಸ್ ಸುರಿದ ಜಿನಿ ದೋಸೆಯನ್ನು ನೋಡಿ ಬಂದು, ಇದನ್ನು ದೋಸೆ ಅಂತಾರೇನೋ ಎಂದು ನಕ್ಕಿದ್ದರು. ಅದಕ್ಕೂ ಗದರಿದ್ದೆ. ಕ್ಯಾನು ಎತ್ತಿದ್ದು ಶಿವಣ್ಣನನ್ನು ನೋಡಿ ಅಲ್ಲ. ತನ್ನ ಪಾತ್ರವೇ ಮುಗಿಯಿತೆಂದು ನಾನು ತೀರ್ಮಾನಿಸಿಬಿಟ್ಟದ್ದಕ್ಕೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾನು ಯಾರಿಗೆ ಉಪದೇಶ ಮಾಡುವುದು? ಹಿಂದಿನ ವರ್ಷ ಒಂದು ರಿಲೀಸ್ ವೇಳೆ ಎರಡು ರಾತ್ರಿ ಮನೆಗೇ ಹೋಗದೆ ಕೂತಿದ್ದೆ. ಎದೆ ಹಿಡಿದಂತಾಗಿದ್ದನ್ನು ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿದೆ, ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಸಿಸ್ಟಮ್ ನಿಂತಿತು, ಚಪ್ಪಾಳೆ ಬಿತ್ತು, ಮೇಲ್‌ನಲ್ಲಿ ನನ್ನನ್ನು ಹೀರೊ ಎಂದರು. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಪಾಠ ಒಂದಿದೆ: ಒಬ್ಬನೇ ಮನುಷ್ಯನ ಮೇಲೆ ನಿಂತ ಪ್ರಾಜೆಕ್ಟು ಅವನು ಮಲಗಿದ ದಿನ ತಾನೂ ಮಲಗುತ್ತದೆ. ತಂಡಕ್ಕೆ ಅದನ್ನು ಪಾಠ ಮಾಡುವವನು ನಾನೇ. ಬಹುಮಾನ ತೆಗೆದುಕೊಳ್ಳುವವನೂ ನಾನೇ.

2021ರ ಅಕ್ಟೋಬರ್ 29 ಮರೆತಿಲ್ಲ. 'ಭಜರಂಗಿ 2' ಬಿಡುಗಡೆಯ ದಿನ. ಅಣ್ಣನ ಚಿತ್ರ ಥಿಯೇಟರಿನಲ್ಲಿ ಗೆಲ್ಲುತ್ತಿರುವಾಗ ತಮ್ಮ ಅಪ್ಪು ಹೃದಯಾಘಾತದಿಂದ ಹೋದ. ನಲವತ್ತಾರು. ನಾನು ಈಗ ಬಂದು ನಿಂತಿರುವುದು ಆ ವಯಸ್ಸಿನ ಹತ್ತಿರವೇ. ಕಟ್ಟುಮಸ್ತಾದ, ಪಲ್ಟಿ ಹೊಡೆಯುವ ಆ ದೇಹಕ್ಕೂ ಹೀಗಾಗುತ್ತದೆ ಎಂದು ಅವತ್ತು ಇಡೀ ಕರ್ನಾಟಕ ಒಟ್ಟಿಗೆ ಕಲಿಯಿತು. ಮೂರೇ ವರ್ಷಕ್ಕೆ ಅಣ್ಣನಿಗೆ ಕ್ಯಾನ್ಸರ್. ಇಷ್ಟೆಲ್ಲ ನೋಡಿದ ಮೇಲೂ ಅವರ ಮೈಗೆ ಏನೂ ತಾಗುವುದಿಲ್ಲ ಎಂಬ ಕಥೆಯನ್ನೇ ಕೇಳುವುದು ಅಭಿಮಾನವಲ್ಲ, ಹಟ.

ಹಾಗಾಗಿ ನನ್ನ ಉತ್ತರ ಹೀಗೆ. ಶಿವಣ್ಣ ಮರಳಲಿ, ಹೊಡೆದಾಟವೂ ಇರಲಿ. ಬೇಡ ಎನ್ನಲು ನಾವು ಯಾರು? ಆದರೆ ಏಟು ಬಿದ್ದರೆ ನೋಯುವ ನಾಯಕನಾಗಿ ಮರಳಲಿ. ಉಸಿರು ಹತ್ತಿದಾಗ ಗೋಡೆಗೆ ಒರಗಲಿ, ಇನ್ನೊಬ್ಬನನ್ನು ಕರೆಯಲಿ. ದಾರಿ ಅವರೇ ತೋರಿಸಿದ್ದಾರೆ. 2022ರ 'ವೇದ', ಅವರ 125ನೇ ಚಿತ್ರ, ಅದರಲ್ಲಿ ನರೆತ ಗಡ್ಡದ ತಂದೆಯ ಪಕ್ಕದಲ್ಲಿ ಮಗಳೂ ಕತ್ತಿ ಹಿಡಿದು ನಿಲ್ಲುತ್ತಾಳೆ. ಸೇಡಿನ ಭಾರ ಇಬ್ಬರದೂ. ಆ ತಂದೆ ಒಂಟಿಯಲ್ಲ, ಆದರೂ ಒಂದಿಷ್ಟೂ ಕಡಿಮೆ ನಾಯಕನಲ್ಲ.

ಅಪ್ಪನಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾಗಿಲ್ಲ. "ಗೋಡೆಗೆ ಒರಗೋದು ನೋಡಕ್ಕೆ ದುಡ್ಡು ಕೊಟ್ಟು ಯಾಕೋ ಹೋಗಬೇಕು? ಮನೇಲೇ ಐತಲ್ಲ" ಎನ್ನುತ್ತಾರೆ. ಅದೂ ಸರಿಯೇ.

ಫೆಬ್ರವರಿಯಲ್ಲಿ ಲಿಫ್ಟ್ ಮತ್ತೆ ಕೆಟ್ಟಿತು. ಕಾಲ್ ಮುಗಿಸಿ ಕೆಳಗಿಳಿದರೆ ಅಪ್ಪನೂ ನನ್ನ ಮಗನೂ ಗೇಟಿನ ಬಳಿ ಕ್ಯಾನಿನ ನೀರನ್ನು ಎರಡೆರಡು ಲೀಟರಿನ ಬಾಟಲಿಗಳಿಗೆ ತುಂಬುತ್ತಿದ್ದರು. ಹತ್ತು ಬಾಟಲಿ. ಹುಡುಗನಿಗೆ ಆರು, ತಾತನಿಗೆ ಎರಡು. ಉಳಿದೆರಡನ್ನು ನನಗೆಂದು ಪಕ್ಕಕ್ಕೆ ಇಟ್ಟಿದ್ದರು. ಮಹಡಿಗೊಂದು ಸಲ ನಿಂತು, ಮಾತಾಡಿಕೊಂಡು ಹತ್ತಿದೆವು. ಎರಡನೇ ಮಹಡಿಯ ಆ ಮೆಟ್ಟಿಲ ಬಳಿ ಅಪ್ಪ ತುಸು ಹೆಚ್ಚು ಹೊತ್ತು ನಿಂತರು. ನಾನು ಏನೂ ಕೇಳಲಿಲ್ಲ, ನಾನೂ ನಿಂತೆ. ನಿಜ ಹೇಳಬೇಕೆಂದರೆ ನನಗೂ ಏದುಸಿರು ಬಂದಿತ್ತು. ಮರುವಾರವೇ ಹೋಗಿ ಹೃದಯದ ತಪಾಸಣೆ ಮಾಡಿಸಿಕೊಂಡೆ, ಈ ಸಲ ಮನೆಯಲ್ಲಿ ಎಲ್ಲರಿಗೂ ಹೇಳಿ.